ರೊಟ್ಟಿ ಕಟ್ಟೆಯ ಉಡಚಪ್ಪ

ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ಮುಂಡರಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪ್ರಬಂಧಕ್ಕೆ ಹತ್ತಕ್ಕೆ ಆರು ಅಂಕ ಕೊಡುವಾಗಲೂ ನನ್ನ ಕೈ ಹಿಂದೆ ಮುಂದೆ ನೋಡುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಅಂಥ ನಾನು ಶಿಗ್ಲಿಯ ಉಡಚಪ್ಪನೆಂಬ ಗೌಂಡಿಯ ಬಗ್ಗೆ ಬರೆಯಲು ಕೂತಿದ್ದೇನೆ. ಇಟ್ಟಿಗೆ, ಸಿಮೆಂಟು, ಕಲ್ಲಿನ ಕೆಲಸ ಮಾಡುವ ಐವತ್ತೇಳರ ಮನುಷ್ಯ. ಅವನಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಆ ಬೈಗುಳವನ್ನು ವಾಪಸು ತೆಗೆದುಕೊಳ್ಳಲು ನನಗೆ ಗೊತ್ತಿರುವ ದಾರಿ ಇದೊಂದೇ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಹದಿನೆಂಟು ವರ್ಷ ನಾನು ಬೆಟಗೇರಿಯ ಮನೆಯಿಂದ ಮುಂಡರಗಿಗೆ ದಿನವೂ ಬಸ್ಸಿನಲ್ಲಿ ಓಡಾಡಿದೆ. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಏಳರ ಬಸ್ಸಿಗೆ ಓಟ. ಮಧ್ಯಾಹ್ನ ಡಬ್ಬಿ ತೆರೆದರೆ ರೊಟ್ಟಿ ಚರ್ಮದಂತೆ ಬಿಗಿದಿರುತ್ತಿತ್ತು. ಬಲಭುಜ ಹಿಡಿದುಕೊಂಡು ಎಷ್ಟೋ ವರ್ಷಗಳಾಗಿದ್ದವು. ಕೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ಎದ್ದು ನಿಂತು ಓದಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವ ಶಿಕ್ಷೆಯೇ ಇದಕ್ಕೆ ಕಾರಣ ಎಂದು ನನ್ನ ತೀರ್ಮಾನವಾಗಿತ್ತು.

ಹೋದ ವರ್ಷ ಶ್ರಾವಣದಲ್ಲಿ ಶಾಲೆಯಿಂದ ಐದು ನಿಮಿಷದ ಹಾದಿಯಲ್ಲಿ ಅಂದಾನಪ್ಪನವರ ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಮೂರು ಖೋಲಿ, ಹಿತ್ತಲಲ್ಲಿ ಬೇವಿನ ಗಿಡ. ನೋಡಿದ ದಿನವೇ ನನ್ನ ಜೀವ ಅಲ್ಲಿ ಸಿಕ್ಕಿಬಿದ್ದಿತು. ಅಂದಾನಪ್ಪನವರು ಕಾಳಿನ ವ್ಯಾಪಾರಸ್ಥರು, ಮಾತಿಗೆ ನಿಲ್ಲುವವರು. "ಅಕ್ಕೋರ, ಯುಗಾದಿ ತನಕಾ ನಿಮಗಂತ ತಡೀತೀನಿ. ಆಮ್ಯಾಲ ಬ್ಯಾರೆದವ್ರು ತಯಾರದಾರ್ರಿ," ಎಂದರು. ಬೆಟಗೇರಿಯ ಮನೆ ಮಾರದೆ ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ನನ್ನ ಗಂಡ ಶಿವಯೋಗಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ತಯಾರಿಸುವವರು; ಎಲ್ಲಿ ಕರೆಂಟಿದೆಯೋ ಅಲ್ಲಿ ಅವರ ಅಂಗಡಿ. ಯಾವ ಊರಾದರೂ ಅವರು ತಯಾರು.

"ಇದ್ದಂಗ ಮಾರಿಬಿಡೋಣು," ಎಂದರು ಅವರು.

ನಾನು ಕೇಳಲಿಲ್ಲ. ಅಡುಗೆಮನೆ ಹೊಸದಾದರೆ ಇಡೀ ಮನೆಗೇ ಬೆಲೆ ಬರುತ್ತದೆ ಎಂದು ಫೋನಿನಲ್ಲಿ ಹತ್ತಾರು ಜನ ನಗುನಗುತ್ತ ಹೇಳುತ್ತಿದ್ದರು. ಮಕ್ಕಳಿಗೆ ಫೋನು ಮುಟ್ಟಬೇಡಿ ಎನ್ನುವ ನಾನೇ ಆ ಮಾತಿಗೆ ಮರುಳಾದೆ. ದಸರೆಗೆ ಹುಬ್ಬಳ್ಳಿಯಿಂದ ಮಾಡ್ಯುಲರ್ ಕಿಚನ್ ತರಿಸಿದೆ. ನನ್ನ ಎದೆಮಟ್ಟಕ್ಕಿದ್ದ ಹಳೆಯ ದಪ್ಪ ಕಡಪಾ ಕಲ್ಲಿನ ಕಟ್ಟೆಯನ್ನು ಕಿತ್ತು ಹಿತ್ತಲ ಗೋಡೆಗೆ ಒರಗಿಸಿದರು. ಅದರ ಜಾಗದಲ್ಲಿ ಹಲಗೆಯ ಪೆಟ್ಟಿಗೆಗಳ ಸಾಲು, ಅದರ ಮೇಲೆ ಬೆರಳು ದಪ್ಪದ ಹೊಳೆಯುವ ಕಲ್ಲು, ಒಂದು ಬೆರಳಿನಿಂದ ಎಳೆದರೂ ಹೊರಗೆ ಜಾರುವ ಖಾನೆಗಳು, ಗಾಜಿನ ಬಾಗಿಲಿನ ಕಪಾಟು, ಹೊಸ ಗ್ಯಾಸ್ ಒಲೆ. ನೋಡಿದವರ ಕಣ್ಣು ಕುಕ್ಕುವಂತಿತ್ತು.

ಈಗ ನನ್ನ ದಡ್ಡತನದ ಪಾಲಿಗೆ ಬರೋಣ. ಅಷ್ಟು ಚಂದದ ಅಡುಗೆಮನೆಯಲ್ಲಿ ಅಡುಗೆ ಮಾಡಿದರೆ ಕೆಡುವುದಿಲ್ಲವೇ? ಎಣ್ಣೆ ಸಿಡಿಯುತ್ತದೆ, ಹಿಟ್ಟು ಹಾರುತ್ತದೆ, ಗಿರಾಕಿ ಬಂದಾಗ ಮೂಗು ಮುರಿಯುತ್ತಾನೆ. ಹಾಗಾಗಿ ಹಳೆಯ ಗ್ಯಾಸ್ ಒಲೆಯನ್ನು ಹಿಂದಿನ ಪಡಸಾಲೆಯಲ್ಲಿ ಒಂದು ಮೇಜಿನ ಮೇಲೆ ಹೂಡಿದೆ. ನಾಲ್ಕು ತಿಂಗಳು ನಾವು ಅಲ್ಲೇ ಬೇಯಿಸಿ ಉಂಡೆವು. ಹೊಸ ಖಾನೆಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳಲಿಲ್ಲ. ಗಿರಾಕಿಗಳು ಬಂದಾಗ ನಾನೇ ಮುಂದೆ ಹೋಗಿ ಖಾನೆ ಎಳೆದು, ತಳ್ಳಿ, ಮತ್ತೆ ಎಳೆದು ತೋರಿಸುತ್ತಿದ್ದೆ. ಶಿವಯೋಗಿ ಬಾಗಿಲ ಬಳಿ ನಿಂತು ನಗುತ್ತಿದ್ದರು. ನನಗೆ ಉರಿದು ಹೋಗುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಹೊನ್ನೇಶನೆಂಬ ಹುಡುಗ ಬಂದ. ಗದುಗಿನಲ್ಲಿ ರೈಲ್ವೆ ನೌಕರಿ, ಮದುವೆ ಗೊತ್ತಾಗಿತ್ತು. ಮನೆ ಅವನಿಗೆ ಒಪ್ಪಿಗೆಯಾಯಿತು, ನಾವು ಹೇಳಿದ ಬೆಲೆಯೂ ಒಪ್ಪಿಗೆಯಾಯಿತು. ಅಂದಾನಪ್ಪನವರ ಬೇವಿನ ಗಿಡದ ನೆರಳಲ್ಲಿ ನಾನು ಆಗಲೇ ಮನಸ್ಸಿನಲ್ಲಿ ಕುರ್ಚಿ ಹಾಕಿಬಿಟ್ಟಿದ್ದೆ. "ಅವ್ವ ಒಮ್ಮೆ ನೋಡ್ಲಿರಿ," ಎಂದು ಹೇಳಿ ಮುಂದಿನ ರವಿವಾರ ಹಮ್ಮಿಗಿಯಿಂದ ತಾಯಿಯನ್ನು ಕರೆತಂದ.

ತಾಯಿ ಸುಮಿತ್ರವ್ವ. ಹೊಳೆದಂಡೆಯ ಊರಿನ ಹೆಂಗಸು, ಗಿಡ್ಡ ಆಳು, ಗಟ್ಟಿ ದನಿ. ಖಾನೆಗಳನ್ನು ತೋರಿಸಿದೆ. "ಚಂದ ಐತಿ ಬಿಡವ್ವಾ," ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಜೋಳದ ಹಿಟ್ಟಿತ್ತು!

"ಒಂದು ರೊಟ್ಟಿ ಬಡದು ನೋಡ್ಲೇನು? ಎತ್ತು ಕೊಳ್ಳೂ ಮುಂದ ನಡಿಸಿ ನೋಡಂಗಿಲ್ಲೇನವ್ವಾ? ಹಂಗ. ಒಂಚೂರು ಬಿಸಿನೀರು ಕೊಡು."

ನಾನು ಪಡಸಾಲೆಯ ಒಲೆಯಿಂದ ಬಿಸಿನೀರು ತಂದುಕೊಟ್ಟೆ. ಅವಳು ನನ್ನನ್ನೂ, ಪಕ್ಕದಲ್ಲೇ ಹೊಳೆಯುತ್ತಿದ್ದ ಹೊಸ ಒಲೆಯನ್ನೂ ನೋಡಿದಳು. ಹಿಟ್ಟು ನಾದಿ, ಉಂಡೆ ಕಟ್ಟಿ, ಹೊಳೆಯುವ ಕಲ್ಲಿನ ಮೇಲಿಟ್ಟು ಅಂಗೈಯಿಂದ ಬಡಿಯತೊಡಗಿದಳು. ಮೂರನೇ ಏಟಿಗೆ ಚಮಚದ ಖಾನೆ ತಾನಾಗಿಯೇ ಹೊರಗೆ ಬಂತು. ಆರನೇ ಏಟಿಗೆ ಕೆಳಗಿನ ಎರಡು ಖಾನೆಗಳು ಬಂದು ಅವಳ ಮೊಣಕಾಲಿಗೆ ತಾಗಿದವು. ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ಕಪಾಟಿನ ಗಾಜಿನ ಬಾಗಿಲು ನಿಧಾನವಾಗಿ ತೆರೆದುಕೊಂಡು ಎರಡು ಗ್ಲಾಸು ಕೆಳಗೆ ಬಿದ್ದು ಚೂರಾದವು. ಶಿವಯೋಗಿ ನಗಲಿಲ್ಲ. ನಾನು ಬಗ್ಗಿ ಗಾಜಿನ ಚೂರು ಆರಿಸತೊಡಗಿದೆ.

"ಈ ಮನಿ ರೊಟ್ಟಿ ತಡಿಯಂಗಿಲ್ಲವ್ವಾ," ಎಂದಳು ಸುಮಿತ್ರವ್ವ, ಕೈ ತೊಳೆದುಕೊಳ್ಳುತ್ತ. ಅದರಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಕುಹಕವಿದ್ದಿದ್ದರೆ ನಾನು ಚೆನ್ನಾಗಿ ಉತ್ತರ ಕೊಡುತ್ತಿದ್ದೆ.

ವಾರದೊಳಗೆ ಈ ಮಾತು ಓಣಿ ದಾಟಿತು. ಆಮೇಲೆ ಬಂದ ಗಿರಾಕಿಗಳು ಖಾನೆ ನೋಡುತ್ತಿರಲಿಲ್ಲ. ಬಂದವರೇ ಕಲ್ಲಿನ ಮೇಲೆ ಅಂಗೈಯಿಂದ ಎರಡು ಏಟು ಹಾಕಿ, ಖಾನೆ ಹೊರಬರುವುದನ್ನು ಕಂಡು, ಬೆಲೆ ಇಳಿಸಿ ಕೇಳುತ್ತಿದ್ದರು. ಹುಬ್ಬಳ್ಳಿಯವರಿಗೆ ಫೋನು ಮಾಡಿದರೆ, "ಮೇಡಂ, ಇದರ ಮೇಲೆ ಚಪಾತಿ ಲಟ್ಟಿಸಬಹುದು," ಎಂದರು. ಅವರ ತಪ್ಪೇನೂ ಇಲ್ಲ. ಜೋಳದ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕೊಳ್ಳುವ ಮೊದಲು ಒಂದು ರೊಟ್ಟಿ ಬಡಿದು ನೋಡಬೇಕು ಅನ್ನುವ ಬುದ್ಧಿ ನನಗಿರಬೇಕಿತ್ತು. ಆ ದಿನಗಳಲ್ಲಿ ಅಂದಾನಪ್ಪನವರ ಮನೆಯ ಹಾದಿ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ. ಆ ಬೇವಿನ ಗಿಡ ನೋಡಿದರೆ ಅಳು ಬರುತ್ತಿತ್ತು.

ನಮ್ಮ ಪಕ್ಕದ ಮನೆಯ ಅಖ್ತರಿ ಒಂದು ದಿನ ಕಾಂಪೌಂಡಿನಾಚೆಯಿಂದ ಕರೆದಳು. "ಅಕ್ಕಾ, ಲಕ್ಷ್ಮೇಶ್ವರದಾಗ ನಮ್ಮ ತವರುಮನಿ ಕಟ್ಟಿ ಮಾಡಿದಂವ ಒಬ್ಬ ಅದಾನ್ರಿ. ಉಡಚಪ್ಪಂತ, ಶಿಗ್ಲಿ ಊರಂವ. ಇಪ್ಪತ್ತು ವರ್ಷಾತು, ಕಟ್ಟಿ ಅಳ್ಳಾಡಿಲ್ಲ ನೋಡ್ರಿ. ಕರಸ್ಲೇನ್ರಿ?"

ಶಿವರಾತ್ರಿಗೆ ಮೊದಲಿನ ರವಿವಾರ ಉಡಚಪ್ಪ ಬಂದ. ಬಿಳಿ ಟೋಪಿ, ಮಣ್ಣು ಮೆತ್ತಿದ ಚೀಲ, ಕಿವಿಯ ಮೇಲೆ ಪೆನ್ಸಿಲು. ಚಪ್ಪಲಿ ಬಿಟ್ಟು ಒಳಗೆ ಬಂದು ಕಲ್ಲನ್ನು ಒಮ್ಮೆ ಬಡಿದ. ಖಾನೆ ಹೊರಗೆ ಬಂತು. ಅವನು ಅದನ್ನು ಮೆಲ್ಲಗೆ ಒಳಗೆ ತಳ್ಳಿದ, ಮಲಗಿದ ಕೂಸಿನ ತೊಟ್ಟಿಲು ಮುಟ್ಟುವ ಹಾಗೆ.

"ಇದೇನ ಕೀಳೂದು ಬ್ಯಾಡ್ರಿ ಅಕ್ಕೋರ. ಮೂಲ್ಯಾಗಿನ ಒಂದು ಪೆಟಗಿ ಅಷ್ಟ ತಗದು, ನೆಲದಿಂದ ಇಟ್ಟಂಗಿ ಕಟ್ಟಿ ರೊಟ್ಟಿಗೆ ಬ್ಯಾರೆ ಕಟ್ಟಿ ಎಬ್ಬಸ್ತೀನಿ. ಈ ಹಲಗೀಗೆ ಅದು ಹತ್ತಬಾರದು. ಬಡದ ಏಟು ಸೀದಾ ಭೂಮಿಗೆ ಹೋಗಬೇಕ್ರಿ." ಹಿತ್ತಲಿಗೆ ಹೋಗಿ, ಗೋಡೆಗೆ ಒರಗಿದ್ದ ನಮ್ಮ ಹಳೆಯ ಕಡಪಾ ಕಲ್ಲಿನ ಮೇಲೆ ಕೈಯಾಡಿಸಿ ಬಂದ. "ಕಲ್ಲು ಮನ್ಯಾಗ ಐತಿ. ಆತು. ಯಾರ ಅಳತಿಗೆ ಮಾಡ್ಲಿರಿ?"

"ಯಾರ ಅಳತಿ ಅಂದ್ರ? ಮಾರೂ ಮನಿ ಐತಪಾ ಇದು. ಯಾರಿಗಾದ್ರೂ ಆಗೂ ಹಂಗ ಮಾಡು."

"ಯಾರಿಗಾದ್ರೂ ಆಗೂದು ಯಾರಿಗೂ ಆಗಂಗಿಲ್ರಿ. ಹೋಗ್ಲಿ, ಮೊದಲ ನೀವು ನಿಂದರ್ರಿ."

ಚೀಲದಿಂದ ಒಂದು ಕಟ್ಟು ಹುರಿ ತೆಗೆದ. ಬೇರೆ ಬೇರೆ ಉದ್ದದ ತುಂಡುಗಳು, ಒಂದೊಂದರ ತುದಿಗೂ ಒಂದೊಂದು ಬಟ್ಟೆಯ ಚೂರು. ಹೊಸ ತುಂಡೊಂದನ್ನು ನನ್ನ ಮೊಣಕೈಯಿಂದ ನೆಲಕ್ಕೆ ಇಳಿಬಿಟ್ಟು, ಒಂದು ಗೇಣು ಬಿಟ್ಟು ಗಂಟು ಹಾಕಿದ. ಕೈ ಮೇಲೆತ್ತಲು ಹೇಳಿದ. ಎತ್ತಿದೆ.

"ಕೈ ಮ್ಯಾಲೆ ಏಳಂಗಿಲ್ಲೇನ್ರಿ?"

"ಅದು ನಿನಗ್ಯಾಕ? ನಾನೇನು ಇಲ್ಲೆ ಇರಾಕಿ ಅಲ್ಲ. ನನ್ನ ಅಳತಿ ತಗೊಂಡು ಏನ್ ಮಾಡ್ತಿ?"

"ಇರ್ಲಿ ಬಿಡ್ರಿ. ಗುರ್ತಿಗೆ ಒಂಚೂರು ಅರಿವಿ ಕೊಡ್ರಿ." ಸಿಟ್ಟಿನಲ್ಲಿ ನನ್ನ ಶಾಲೆಯ ಚೀಲಕ್ಕೆ ಕೈ ಹಾಕಿ, ಕರಿಹಲಗೆ ಒರೆಸುವ ಬಟ್ಟೆಯನ್ನೇ ಹರಿದು ಒಂದು ಚೂರು ಕೊಟ್ಟೆ. ಅವನು ಅದರ ಸೀಮೆಸುಣ್ಣದ ಪುಡಿ ಕೊಡವಿ ನನ್ನ ಹುರಿಗೆ ಕಟ್ಟಿಕೊಂಡ.

ಮರುದಿನದಿಂದ ಕೆಲಸ ಶುರುವಾಯಿತು. ಸಂಜೆ ನಾನು ಶಾಲೆಯಿಂದ ಬಂದಾಗ ಚಹಾ ಕುಡಿಯುತ್ತ ಮಾತಾಡುತ್ತಿದ್ದ. ಹುರಿಗಳ ಮೂಲ ನನಗೆ ಗೊತ್ತಾದದ್ದು ಆಗಲೇ. ಅವನ ತಾಯಿ ಹನಮಂತವ್ವ ಶಿಗ್ಲಿ, ಲಕ್ಷ್ಮೇಶ್ವರದ ಮದುವೆಮನೆಗಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳಂತೆ. ದೊಡ್ಡವರ ಮನೆಯ ಎತ್ತರದ ಕಟ್ಟೆ. ಅವಳು ಎಣ್ಣೆಯ ಡಬ್ಬಿ ಬೋರಲು ಹಾಕಿ ಅದರ ಮೇಲೆ ನಿಂತು ದಿನಕ್ಕೆ ನೂರಾರು ರೊಟ್ಟಿ ಬಡಿಯುತ್ತಿದ್ದಳು.

"ಮನಿಗೆ ಬಂದ್ರ ಕೈ ಎತ್ತಾಕ ಬರ್ತಿದ್ದಿಲ್ರಿ ಅಕಿಗೆ. ಅಕಿ ತಲಿ ನಾನ ಬಾಚತಿದ್ದೆ. ಗಂಡಹುಡುಗ ಅವ್ವನ ಹೆರಳ ಹಾಕ್ತಾನಂತ ಓಣ್ಯಾಗ ಎಲ್ಲಾರು ನಗ್ತಿದ್ರು. ಗೌಂಡಿ ಕೆಲಸ ಕಲ್ತ ಮ್ಯಾಲೆ ಉಳಿದ ಇಟ್ಟಂಗಿ ತಂದು ಮೊದಲ ನಮ್ಮ ಮನ್ಯಾಗ ಅಕಿ ಅಳತಿಗೆ ಕಟ್ಟಿ ಮಾಡಿದೆ. ಹೊರಗಿನ ರೊಟ್ಟಿ ಬಿಡಿಸಿ, ಎಷ್ಟು ಬಡಿತಿ ಇಲ್ಲೇ ಬಡಿಯವ್ವಾ, ನಾ ಮಾರ್ಕೊಂಡು ಬರ್ತೀನಿ ಅಂದೆ. ಎರಡು ತಿಂಗಳಾಗಿತ್ತೇನೋ. ಒಂದಿನ ಬಂದು ನೋಡ್ತೀನಿ, ತನ್ನ ತಲಿ ತಾನ ಬಾಚಿಕೊಳ್ಳಾಕ ಹತ್ಯಾಳ್ರಿ."

ಇಷ್ಟು ಹೇಳಿ ಲೋಟ ತೊಳೆದಿಟ್ಟು ಕೆಲಸಕ್ಕೆ ಎದ್ದ. ಅವತ್ತಿನಿಂದ ಇವತ್ತಿನವರೆಗೆ ಅವನು ಹೆಂಗಸರ ಅಳತೆ ತೆಗೆಯದೆ ಕಟ್ಟೆ ಕಟ್ಟಿಲ್ಲ. ಅಕ್ಷರ ಅಷ್ಟಕ್ಕಷ್ಟೆ, ಹಾಗಾಗಿ ಗುರುತಿಗೆ ಅವರವರ ಹಳೆಯ ಸೀರೆಯ ಚೂರು.

ಮಾತಿನ ನಡುವೆ ನಾನು ಸುಮಿತ್ರವ್ವನ ಕತೆಯನ್ನೂ ಹೇಳಿದ್ದೆ, ಸಾಕಷ್ಟು ಉಪ್ಪು ಖಾರ ಸೇರಿಸಿ. ಅವನು ಊರು ಯಾವುದು, ಮಗನ ಹೆಸರೇನು ಎಂದು ಕೇಳಿದ. ಹೇಳಿದೆ. ಕಟ್ಟೆ ಆಗ ಮೊಣಕಾಲಿನ ಎತ್ತರಕ್ಕೆ ಬಂದಿತ್ತು. ಶಿವರಾತ್ರಿಯ ಮರುದಿನ ಅಮಾವಾಸ್ಯೆ. ನಮ್ಮ ಕಡೆ ಗೌಂಡಿಗಳು ಅಂದು ಕರಣೆ ಮುಟ್ಟುವುದಿಲ್ಲ. ಅದು ಗೊತ್ತಿದ್ದದ್ದೇ. ಆದರೆ ಅದರ ಮರುದಿನವೂ ಉಡಚಪ್ಪ ಬರಲಿಲ್ಲ. ಫೋನು ಎತ್ತಲಿಲ್ಲ. ಯುಗಾದಿಗೆ ಒಂದು ತಿಂಗಳು ಉಳಿದಿತ್ತು. ಅಡುಗೆಮನೆಯ ಮೂಲೆಯಲ್ಲಿ ಅರ್ಧ ಗೋಡೆ, ಸುತ್ತ ಮರಳು. ಮೊದಲು ರೊಟ್ಟಿ ತಡೆಯದ ಮನೆಯಾಗಿತ್ತು, ಈಗ ನೋಡಲೂ ಆಗದ ಮನೆಯಾಯಿತು. ನನ್ನ ತಲೆ ಕೆಟ್ಟಿತು.

ಮೂರನೇ ದಿನ ಬೆಳಿಗ್ಗೆ ಅವನು ಗೇಟು ತೆರೆಯುತ್ತಿದ್ದಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಮಾತಿಗೆ ಬೆಲೆ ಇಲ್ಲದವನು ಎಂದೆ. ಕುಡಿದು ಬಿದ್ದಿದ್ದೆಯೇನೋ ಎಂದೆ. ಅಖ್ತರಿ ಕಾಂಪೌಂಡಿನಾಚೆ ಬಾಯಿಗೆ ಸೆರಗು ಹಚ್ಚಿ ನಿಂತಿದ್ದಳು. ಉಡಚಪ್ಪ ಟೋಪಿ ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ. ನಾನು ದಣಿದ ಮೇಲೆ ಚೀಲದಿಂದ ಒಂದು ಹುರಿ ತೆಗೆದ. ಅದರ ತುದಿಗೆ ಕೆಂಪು ಇಳಕಲ್ ಸೀರೆಯ ಚೂರು ಕಟ್ಟಿತ್ತು.

"ಹಮ್ಮಿಗಿಗೆ ಹೋಗಿದ್ನಿರಿ. ಸುಮಿತ್ರವ್ವಾರ ಅಳತಿ ತಂದೀನಿ. ಹೊಳ್ಳಿ ಬರಾಕ ಬಸ್ ಸಿಗಲಿಲ್ಲ, ಗುಡ್ಯಾಗ ಮಲ್ಕೊಂಡೆ. ನಿನ್ನೆ ರಾತ್ರಿ ಮನಿ ಮುಟ್ಟಿದೆ. ಫೋನ್ ಜೀವಾ ಬಿಟ್ಟಿತ್ರಿ."

ಶಿಗ್ಲಿಯಿಂದ ಶಿರಹಟ್ಟಿ, ಶಿರಹಟ್ಟಿಯಿಂದ ಮುಂಡರಗಿ, ಅಲ್ಲಿಂದ ಹಮ್ಮಿಗಿ. ತನ್ನ ರಜೆಯ ದಿನ ಮೂರು ಬಸ್ಸು ಬದಲಿಸಿ ಹೋಗಿದ್ದ, ನಮ್ಮ ಮನೆ ಬೇಡವೆಂದು ಎದ್ದು ಹೋದ ಹೆಂಗಸಿನ ಮೊಣಕೈ ಅಳೆಯಲು! "ಅಕಿ ಬ್ಯಾಡ ಅಂದಾಳಲ್ಲೋ," ಎಂದೆ.

"ಅದಕ್ಕ ಹೋದೆರಿ. ಉಳಿದವ್ರೆಲ್ಲಾ ಹೊಳಪು ನೋಡಿ ಹೋದ್ರು. ನಿಮ್ಮ ಮನೀನ ಖರೆ ನೋಡಿದಾಕಿ ಅಕಿ ಒಬ್ಬಾಕೀನ. ಗಂಟಿನ್ಯಾಗ ಹಿಟ್ಟು ಕಟಗೊಂಡು ಬಂದಾಕಿ ಅಂದ್ರ ಅಕಿಗೆ ಮನಿ ಬೇಕಾಗಿತ್ರಿ."

ಕ್ಷಮಿಸು ಎನ್ನಬೇಕಿತ್ತು. ಮಕ್ಕಳಿಗೆ ದಿನಾ ಹೇಳಿಸುವ ಆ ಪದ ನನ್ನ ನಾಲಗೆಗೆ ಬರಲಿಲ್ಲ. "ಚಹಾ ತರ್ತೀನಿ, ಕುಂಡ್ರು ಉಡಚಪ್ಪಣ್ಣ," ಎಂದೆ. ಅವನಿಗೆ ಅರ್ಥವಾಯಿತು ಅನಿಸುತ್ತದೆ. ಅಂದು ಎರಡು ಲೋಟ ಕುಡಿದ.

ಇಟ್ಟಿಗೆಯ ಮೇಲೆ ನಮ್ಮ ಹಳೆಯ ಕಲ್ಲು ಕೂತಿತು. ಹಲಗೆಯ ಪೆಟ್ಟಿಗೆಗೂ ಅದಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಸಂದು. ಎಂಟು ದಿನ ಗೋಣಿತಟ್ಟು ಹೊದಿಸಿ ನೀರುಣಿಸಲು ಹೇಳಿದ. ಎಂಟು ದಿನವೂ ಏಳರ ಬಸ್ಸಿಗೆ ಮೊದಲು ನಾನೇ ನೀರು ಚಿಮುಕಿಸಿದೆ. ಆಮೇಲೆ ಹೊನ್ನೇಶನಿಗೆ ಫೋನು ಹೋಯಿತು.

ಸುಮಿತ್ರವ್ವ ಬಂದಳು, ಸೆರಗಿನಲ್ಲಿ ಮತ್ತೆ ಅದೇ ಗಂಟು. ಈ ಸಲ ಹೊಸ ಒಲೆಗೆ ಸಿಲಿಂಡರ್ ಜೋಡಿಸಿ ಅಲ್ಲೇ ನೀರು ಕಾಯಿಸಿ ಕೊಟ್ಟೆ. ಉಡಚಪ್ಪ ಒಂದು ಲೋಟದ ತುಂಬ, ಅಂಚಿನವರೆಗೆ ನೀರು ತುಂಬಿ ಖಾನೆಗಳ ಮೇಲಿನ ಹೊಳೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಅವಳು ಬಡಿಯತೊಡಗಿದಳು. ಡಬ್ ಡಬ್ ಎಂಬ ಸದ್ದು ನೆಲದಿಂದ ನನ್ನ ಅಂಗಾಲಿಗೆ ತಾಗುತ್ತಿತ್ತು. ನನ್ನ ಕಣ್ಣು ಚಮಚದ ಖಾನೆಯ ಮೇಲೆ. ರೊಟ್ಟಿ ಅಂಗೈಯಗಲವಾಯಿತು, ತಾಟಿನಗಲವಾಯಿತು. ಖಾನೆ ಅಲ್ಲಾಡಲಿಲ್ಲ. ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ. ಸುಮಿತ್ರವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತಳು.

"ನನ್ನ ಮದಿವ್ಯಾಗಿ ಮೂವತ್ತೆರಡು ವರ್ಷಾತು," ಎಂದಳು, ಯಾರ ಮುಖವನ್ನೂ ನೋಡದೆ. "ಯಾರೂ ನನ್ನ ಅಳತಿ ಕೇಳಿದ್ದಿಲ್ಲ." ಆಮೇಲೆ ಮಗನ ಕಡೆ ತಿರುಗಿ, "ಹೊನ್ನೇಶ, ಮನಿ ಹಿಡಿ," ಎಂದಳು.

ಮೊದಲು ಒಪ್ಪಿದ್ದ ಬೆಲೆಗೇ ವ್ಯವಹಾರ ಮುಗಿಯಿತು. ಹುಬ್ಬಳ್ಳಿಯ ಖಾನೆಗಳಿಂದ ಮನೆಯ ಬೆಲೆ ಏರಲಿಲ್ಲ. ಹಿತ್ತಲಿಗೆ ಎಸೆದ ಕಲ್ಲು ಬೀಳುತ್ತಿದ್ದ ಬೆಲೆಯನ್ನು ಎತ್ತಿ ಹಿಡಿಯಿತು. ಯುಗಾದಿಗೆ ಐದು ದಿನ ಮೊದಲು ಅಂದಾನಪ್ಪನವರ ಮನೆಯ ಕೀಲಿ ನಮ್ಮ ಕೈಗೆ ಬಂತು.

ಮುಂಡರಗಿಯ ಮನೆಯಲ್ಲಿ ಮೊದಲ ಕೆಲಸ ಅಡುಗೆಮನೆಯದೇ. ಈ ಸಲ ಫೋನು ನೋಡಲಿಲ್ಲ, ಶಿಗ್ಲಿಗೆ ಹೇಳಿ ಕಳಿಸಿದೆ. ಉಡಚಪ್ಪಣ್ಣ ಬಂದಾಗ ನಾನಾಗಿಯೇ ಗೋಡೆಗೆ ನೆಟ್ಟಗೆ ನಿಂತು ಮೊಣಕೈ ಮಡಿಸಿದೆ. "ತಗೋಪಾ ಅಳತಿ. ಈ ಸಲ ಬಯ್ಯಂಗಿಲ್ಲ."

ಅವನು ನಕ್ಕು, ಚೀಲದ ಕಟ್ಟಿನಿಂದ ಒಂದು ಹುರಿ ಎಳೆದ. ತುದಿಯಲ್ಲಿ ನನ್ನ ಕರಿಹಲಗೆಯ ಬಟ್ಟೆಯ ಚೂರು ಇತ್ತು.

"ಅವತ್ತ ತಗೊಂಡೀನಲ್ರಿ ಅಕ್ಕೋರ. ನಿಮ್ಮ ಕೈ ನೋಡಿ ತಗೊಂಡೆ. ಎಲ್ಲೆರ ಒಂದು ಮನಿ ಆಗೇ ಆಗ್ತೈತಿ, ಆವಾಗ ಬೇಕಾಗ್ತೈತಿ ಅಂತ."

ನಾನು ಸಿಡುಕುತ್ತಿದ್ದ ಹೊತ್ತಿನಲ್ಲೇ ಅವನು ನನ್ನ ಕಟ್ಟೆಯನ್ನು ಮನಸ್ಸಿನಲ್ಲಿ ಕಟ್ಟಿ ಇಟ್ಟಿದ್ದ. ನಾನು ಬೇವಿನ ಗಿಡದ ಕಡೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಕಟ್ಟೆ ಮುಗಿದ ಮೇಲೆ ಉಡಚಪ್ಪಣ್ಣ ಕೂಲಿಯನ್ನು ಮಾತ್ರ ಪೂರ್ತಿ ತೆಗೆದುಕೊಂಡ; ಹೆಚ್ಚಿಗೆ ಕೊಟ್ಟದ್ದನ್ನು ಕಟ್ಟೆಯ ಮೇಲೇ ಇಟ್ಟು ಹೋದ.

ಈಗ ಮಧ್ಯಾಹ್ನದ ಗಂಟೆ ಬಾರಿಸಿದರೆ ಮನೆಗೆ ಬರುತ್ತೇನೆ. ಬೆಳಿಗ್ಗೆ ಪಲ್ಯ ಮಾಡಿಟ್ಟಿರುತ್ತೇನೆ, ರೊಟ್ಟಿಯನ್ನು ಆಗಲೇ ಬಡಿಯುತ್ತೇನೆ. ಹಂಚಿನಿಂದ ತಾಟಿಗೆ, ತಾಟಿನಿಂದ ಬಾಯಿಗೆ. ಹದಿನೆಂಟು ವರ್ಷ ತಪ್ಪಿಸಿಕೊಂಡಿದ್ದ ಬಿಸಿ ರೊಟ್ಟಿ. ಮೊದಲ ದಿನ ಬಾಯಿ ಸುಟ್ಟುಕೊಂಡೆ, ಶಿವಯೋಗಿ ಹಳೆಯ ಹಾಗೆ ಬಾಗಿಲಲ್ಲಿ ನಿಂತು ನಕ್ಕರು. ನನಗೆ ಉರಿಯಲಿಲ್ಲ.

ಭುಜದ ಮಾತು ನನಗೆ ಮರೆತೇ ಹೋಗಿತ್ತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯಲ್ಲಿ ಪಾಠ ಆರಂಭಿಸಿ, ದಿನಾಂಕ ಬರೆದು ತಿರುಗಿದೆ. ಹಿಂದಿನ ಬೆಂಚಿನವರು ರೂಢಿಯಂತೆ ಎದ್ದು ನಿಂತಿದ್ದರು, ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಕರಿಹಲಗೆ ನೋಡಿದೆ. ದಿನಾಂಕ ಕೆಳಗಿನ ಅರ್ಧದಲ್ಲಿ ಇರಲಿಲ್ಲ. ಹಲಗೆಯ ಮೇಲ್ತುದಿಯಲ್ಲಿ, ಬಲಮೂಲೆಯಲ್ಲಿತ್ತು.

"ಕುಂಡರ್ರಿ," ಎಂದೆ ಮಕ್ಕಳಿಗೆ. "ಇನ್ನ ಮ್ಯಾಲೆ ಏಳೂದು ಬ್ಯಾಡ."